ನಾದಮಂದಿರವೇ ವಿದ್ಯಾಮಂದಿರ: ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್

ಸಂಗೀತವು ಅರಸರ ಆಶ್ರಯದಲ್ಲಿ ಬೆಳೆದ ಕಲೆ ಎಂಬುದು ಸಾಮಾನ್ಯವಾದ ನಂಬಿಕೆ. ಯುರೋಪಿನಲ್ಲಿಯೂ ಬಹುಕಾಲ ಆಸ್ಥಾನಗಳೇ ಅದರ ತವರಾಗಿದ್ದವು. ಆದರೆ ಅರಮನೆಯಿಲ್ಲದ ವರ್ತಕರ ನಗರವೊಂದು ತನ್ನ ಸ್ವಂತ ದುಡಿಮೆಯಿಂದಲೇ ಸಂಗೀತವನ್ನು ಸಾಕಿ ಸಲಹಿದ ನಿದರ್ಶನವೂ ಇತಿಹಾಸದಲ್ಲಿದೆ. ಅದು ಜರ್ಮನಿಯ ಲೈಪ್‌ಜಿಗ್ ನಗರ.

1743ರಲ್ಲಿ ಅಲ್ಲಿಯ ಕೆಲವರು ಗಣ್ಯರೂ ವರ್ತಕರೂ ಕೂಡಿ ಒಂದು ಸಂಗೀತ ಸಂಘವನ್ನು ಕಟ್ಟಿದರು. ಹದಿನಾರು ಮಂದಿ ವಾದಕರಿಂದ ಅದರ ಕಾರ್ಯ ಆರಂಭವಾಯಿತು. ಮೊದಲು ಮನೆಗಳಲ್ಲಿ, ಅನಂತರ ಒಂದು ವಸತಿಗೃಹದಲ್ಲಿ ಕಚೇರಿಗಳು ನಡೆದವು. 1781ರಲ್ಲಿ ಬಟ್ಟೆ ವ್ಯಾಪಾರಿಗಳ ಕಟ್ಟಡದಲ್ಲಿ ಸುಮಾರು 500 ಆಸನಗಳ ಸಭಾಂಗಣವೊಂದು ಸಿದ್ಧವಾಯಿತು. ಗೆವಾಂಡ್‌ಹೌಸ್ ಎಂದರೆ ಬಟ್ಟೆಯ ಮನೆ ಎಂದೇ ಅರ್ಥ. ನಿಜವಾದ ಆನಂದವು ಹಗುರವಾದ ವಸ್ತುವಲ್ಲ, ಅದು ಶ್ರದ್ಧೆಯನ್ನು ಬೇಡುತ್ತದೆ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯವು ಈ ಸಂಸ್ಥೆಗೆ ದಾರಿದೀಪವಾಯಿತು.

1835ರಲ್ಲಿ ಫೆಲಿಕ್ಸ್ ಮೆಂಡೆಲ್‌ಸನ್ ಈ ವಾದ್ಯವೃಂದದ ನಿರ್ದೇಶಕನಾಗಿ ಬಂದನು. ಶ್ರೋತೃಗಳು ಮರೆತಿದ್ದ ಹಳೆಯ ಕೃತಿಗಳನ್ನು ಅವನು ಮತ್ತೆ ವೇದಿಕೆಗೆ ತಂದನು. ಷೂಬರ್ಟ್ ಬರೆದಿಟ್ಟು ತೀರಿಕೊಂಡಿದ್ದ ಮಹಾಕೃತಿಯೊಂದು 1839ರಲ್ಲಿ ಇಲ್ಲಿಯೇ ಬೆಳಕು ಕಂಡಿತು. ಆದರೆ ಒಳ್ಳೆಯ ಕಚೇರಿಗಳಷ್ಟರಿಂದಲೇ ಸಂಗೀತ ಉಳಿಯಲಾರದು, ಮುಂದಿನ ಪೀಳಿಗೆಗೆ ಕ್ರಮಬದ್ಧವಾದ ಶಿಕ್ಷಣ ದೊರೆಯಬೇಕೆಂದು ಅವನು ಮನಗಂಡನು. ಹೈನ್ರಿಚ್ ಬ್ಲ್ಯೂಮ್ನರ್ ಎಂಬ ನಾಗರಿಕನು ಕಲೆ ಅಥವಾ ವಿಜ್ಞಾನದ ಉಪಯೋಗಕ್ಕೆಂದು 20,000 ಥಾಲರ್ ಹಣವನ್ನು ಸ್ಯಾಕ್ಸನಿಯ ದೊರೆಯ ವಶಕ್ಕೆ ಬಿಟ್ಟು ತೀರಿಕೊಂಡಿದ್ದನು. ಆ ಹಣವನ್ನು ಸಂಗೀತ ವಿದ್ಯಾಲಯಕ್ಕೆ ವಿನಿಯೋಗಿಸಬೇಕೆಂದು ಮೆಂಡೆಲ್‌ಸನ್ ದೊರೆಯಲ್ಲಿ ಬಿನ್ನವಿಸಿ ಒಪ್ಪಿಸಿದನು. ಹೀಗೆ 1843ರಲ್ಲಿ ವಿದ್ಯಾಲಯ ಸ್ಥಾಪನೆಗೊಂಡಿತು.

ಈ ವಿದ್ಯಾಲಯದ ವೈಶಿಷ್ಟ್ಯವೆಂದರೆ ವೇದಿಕೆಗೂ ಪಾಠಶಾಲೆಗೂ ಇದ್ದ ಅನ್ಯೋನ್ಯ ಸಂಬಂಧ. ವಾದ್ಯವೃಂದದ ಪ್ರಧಾನ ಪಿಟೀಲುವಾದಕನಾದ ಫರ್ಡಿನಾಂಡ್ ಡೇವಿಡ್ ಅಲ್ಲಿ ಪಿಟೀಲು ಕಲಿಸಿದನು. ರಾಬರ್ಟ್ ಶೂಮನ್ ಕೂಡ ಮೊದಲ ಅಧ್ಯಾಪಕರಲ್ಲಿ ಒಬ್ಬನು. ಮುಂದೆ ನಾರ್ವೆಯ ಗ್ರೀಗ್, ಇಂಗ್ಲೆಂಡಿನ ಸಲಿವನ್ ಮೊದಲಾದವರು ದೂರದೇಶಗಳಿಂದ ಇಲ್ಲಿಗೆ ಬಂದು ಕಲಿತರು. ಪಾಠದಲ್ಲಿ ಕೇಳಿದ್ದನ್ನು ವೇದಿಕೆಯಲ್ಲಿ ಕಾಣುವ, ವೇದಿಕೆಯಲ್ಲಿ ಕಂಡದ್ದನ್ನು ಗುರುವಿನಲ್ಲಿ ಪ್ರಶ್ನಿಸುವ ಅವಕಾಶವೇ ವಿದ್ಯೆಯ ಪರಿಪೂರ್ಣತೆಗೆ ಮಾರ್ಗವಲ್ಲವೇ?

1884ರಲ್ಲಿ ಇನ್ನೂ ವಿಶಾಲವಾದ ಎರಡನೆಯ ಸಭಾಭವನ ಕಟ್ಟಲ್ಪಟ್ಟಿತು. 1892ರಲ್ಲಿ ಅದರೆದುರು ಮೆಂಡೆಲ್‌ಸನ್‌ನ ಪ್ರತಿಮೆ ನಿಂತಿತು. ಆದರೆ ಕಲೆಯ ಮಂದಿರವಿದ್ದ ಮಾತ್ರಕ್ಕೆ ನಗರವು ಅವಿವೇಕದಿಂದ ಪಾರಾಗುವುದಿಲ್ಲ. ನಾಜಿಗಳು 1933ರಲ್ಲಿ ನಿರ್ದೇಶಕ ಬ್ರೂನೋ ವಾಲ್ಟರ್‌ನನ್ನು ಯಹೂದಿಯೆಂಬ ಕಾರಣಕ್ಕೆ ಹೊರದೂಡಿದರು. 1936ರಲ್ಲಿ, ನಗರಾಧ್ಯಕ್ಷ ಗೋರ್ಡೆಲರ್ ಊರಿನಲ್ಲಿಲ್ಲದ ಸಮಯ ನೋಡಿ, ಯಹೂದಿ ಕುಲದಲ್ಲಿ ಹುಟ್ಟಿದ ಮೆಂಡೆಲ್‌ಸನ್‌ನ ಪ್ರತಿಮೆಯನ್ನೂ ಕಿತ್ತುಹಾಕಿದರು. ಗೋರ್ಡೆಲರ್ ತನ್ನ ಅಧಿಕಾರವನ್ನೇ ತ್ಯಜಿಸಿದನು. ಕೆಲವೇ ವರ್ಷಗಳಲ್ಲಿ ಯುದ್ಧದ ಬಾಂಬುಗಳಿಗೆ ಆ ಭವನವೂ ತುತ್ತಾಯಿತು.

ಗೋಡೆ ಬಿದ್ದರೂ ವಾದ್ಯವೃಂದ ಬದುಕಿತು. ಬೇರೆ ಸಭಾಂಗಣಗಳಲ್ಲಿ ನುಡಿಸುತ್ತಲೇ ಬಂದಿತು. ಕೊನೆಗೆ 1981ರಲ್ಲಿ, ಮೊದಲ ಭವನದ ಇನ್ನೂರನೆಯ ವರ್ಷದಲ್ಲಿ, ಮೂರನೆಯ ಗೆವಾಂಡ್‌ಹೌಸ್ ತೆರೆಯಿತು. ನಿರ್ದೇಶಕ ಕುರ್ಟ್ ಮಾಜೂರ್ ಇದಕ್ಕಾಗಿ ಬಹಳವಾಗಿ ಶ್ರಮಿಸಿದ್ದನು. 1989ರ ಅಕ್ಟೋಬರ್ 9ರಂದು ಸುಮಾರು 70,000 ಜನರು ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿದಾಗ, ರಕ್ತಪಾತದ ಭೀತಿ ಊರನ್ನು ಆವರಿಸಿತ್ತು. ಮಾಜೂರ್ ಇತರ ಐವರೊಡನೆ ಶಾಂತಿಯ ಮನವಿಯನ್ನು ಸಿದ್ಧಪಡಿಸಿ, ಧ್ವನಿವರ್ಧಕಗಳ ಮೂಲಕ ನಗರಕ್ಕೆ ಕೇಳಿಸಿದನು. ಅಂದು ಗುಂಡು ಹಾರಲಿಲ್ಲ. ಅದೇ ತಿಂಗಳಲ್ಲಿ ಗೆವಾಂಡ್‌ಹೌಸಿನ ಬಾಗಿಲು ಸಾರ್ವಜನಿಕ ಚರ್ಚೆಗೆ ತೆರೆಯಿತು. ಸಂಗೀತ ಕೇಳಲು ಕುಳಿತಿದ್ದ ಆಸನಗಳಲ್ಲಿ ಜನರು ಒಬ್ಬರ ಮಾತನ್ನೊಬ್ಬರು ಕೇಳಲು ಕುಳಿತರು. ಮೆಂಡೆಲ್‌ಸನ್‌ನ ಪ್ರತಿಮೆಯ ಪ್ರತಿರೂಪವೂ 2008ರಲ್ಲಿ ಸಂತ ಥಾಮಸ್ ದೇವಾಲಯದ ಬಳಿ ಮತ್ತೆ ನಿಂತಿತು.

ಈ ಚರಿತ್ರೆಯಿಂದ ತಿಳಿಯಬೇಕಾದುದು ಇಷ್ಟು: ಕಟ್ಟಡವನ್ನು ದಾನಿಗಳ ಔದಾರ್ಯ ಕಟ್ಟಬಹುದು, ಕಲೆಯನ್ನು ಗುರುಗಳ ನಿಷ್ಠೆ ಮುಂದಿನವರಿಗೆ ದಾಟಿಸಬಹುದು. ಆದರೆ ಎಲ್ಲರಿಗೂ ಬಾಗಿಲು ತೆರೆದಿಡುವ ಧೈರ್ಯವನ್ನು ಊರಿನ ಜನರೇ ತಮ್ಮೊಳಗೆ ಬೆಳೆಸಿಕೊಳ್ಳಬೇಕು. ಆ ಧೈರ್ಯವಿಲ್ಲದ ಕಾಲದಲ್ಲಿ ಭವ್ಯ ಭವನವೂ ಮೂಕವಾಗಿತ್ತು. ಅದು ಮರಳಿ ಬಂದಾಗ ಸಭಾಂಗಣವು ಇಡೀ ನಗರದ ದನಿಯಾಯಿತು. ಬ್ಲ್ಯೂಮ್ನರ್‌ನ ಹೆಸರು ಇಂದು ಅನೇಕರಿಗೆ ತಿಳಿಯದು. ಆದರೆ ಅವನ ಹಣದಿಂದ ಹುಟ್ಟಿದ ವಿದ್ಯಾಲಯದಲ್ಲಿ ಇಂದಿಗೂ ಮಕ್ಕಳು ಸ್ವರ ಕೂಡಿಸುತ್ತಿದ್ದಾರೆ. ದಾನದ ಸಾರ್ಥಕತೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.