ಆಂಟೆನಾ ಬೇಡ, ಡಿಶ್ ಸಾಕು

ಹಗರೆಯ ಓದುಗರೇ, ಬೆಂಗಳೂರಿನ ದೂರದರ್ಶನ ಹಿಡಿಯಲು ಎಷ್ಟು ಕಡ್ಡಿಯ ಯಾಗಿ ಆಂಟೆನಾ ಬೇಕೆಂದು ಕೇಳಿದ್ದೀರಿ. ದುಡ್ಡು ಸುರಿಯಬೇಡಿ. ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳು 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮುಚ್ಚಿವೆ. ಬೆಂಗಳೂರಿನ ಗೋಪುರವೋ 150 ಕಿ.ಮೀ.ಗೂ ಆಚೆ, ಯುಎಚ್‌ಎಫ್ ಅಲೆ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ, ಹಾಗಾಗಿ ಅಲೆ ನಿಮ್ಮೂರಿಗೆ ತಲುಪದು. ಬೂಸ್ಟರ್ ಹಾಕಿದರೂ, ಇಲ್ಲದ ಸಿಗ್ನಲ್ ಹುಟ್ಟದು; ಅಂಗಡಿಯವರು ಇದನ್ನು ಹೇಳುವುದಿಲ್ಲ!

ದೂರದರ್ಶನದ ಚಂದನ ವಾಹಿನಿ ಬೇಕಿದ್ದರೆ ಡಿಡಿ ಫ್ರೀ ಡಿಶ್ ಹಾಕಿಸಿ; ತಿಂಗಳ ಬಾಡಿಗೆಯಿಲ್ಲ. ಅದು ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಿಮ್ಮೂರಿನಿಂದ ಆ ಉಪಗ್ರಹ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲೆ. ಮಾಮೂಲಿ ಆಫ್‌ಸೆಟ್ ತಟ್ಟೆ ನೋಡಲು ಅದಕ್ಕಿಂತ ನೆಟ್ಟಗೆ ಕಾಣುತ್ತದೆ, ಗಾಬರಿ ಬೇಡ. ಆ ದಿಕ್ಕಿಗೆ ತೆಂಗಿನ ಗರಿ ಅಡ್ಡ ಬರದ ಜಾಗವನ್ನು ಮೊದಲು ನೋಡಿಕೊಳ್ಳಿ.