ನಿಂತ ಗಾಡಿಯ ಲೆಕ್ಕ

ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, 1981ರಲ್ಲಿ. ಸಮುದ್ರವಿಲ್ಲದ ಊರಿಗೊಂದು ಬಂದರು. ನಾನು ದುಡಿದದ್ದು ಅಲ್ಲಲ್ಲ. 2006ರಲ್ಲಿ ಖಾಸಗಿಯವರೂ ಕಂಟೇನರ್ ಗಾಡಿ ಓಡಿಸಬಹುದು ಎಂದು ರೈಲ್ವೆ ಬಾಗಿಲು ತೆರೆದ ಮೇಲೆ ಹುಟ್ಟಿಕೊಂಡ ಒಂದು ಯಾರ್ಡ್‌ನಲ್ಲಿ. ಟ್ಯಾಲಿ ಕ್ಲರ್ಕ್ ಆಗಿ ಸೇರಿ ಯಾರ್ಡ್ ಮ್ಯಾನೇಜರ್ ಆಗಿ ಹೊರಬಂದೆ. ಚೆನ್ನೈ ಬಂದರಿಗೆ ಎಷ್ಟು ರೇಕ್, ಅಂದರೆ ವ್ಯಾಗನ್ ಜೋಡಿಸಿದ ಪೂರ್ತಿ ಗಾಡಿ, ಕಳಿಸಿದೆನೋ ಲೆಕ್ಕವಿಟ್ಟಿಲ್ಲ. ಪೆಟ್ಟು ತಿಂದು ಕಲಿತದ್ದನ್ನು ಮಾತ್ರ ಡೈರಿಯ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಿದ್ದೆ. ಅದರಲ್ಲಿ ಕೆಲವು ಇಲ್ಲಿವೆ.

1. ತಡವಾಗುವುದು ಹಳಿಯ ಮೇಲಲ್ಲ

ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುತ್ತಿದ್ದುದು ಒಂದೇ: "ಸಾರ್, ಗಾಡಿ ಇನ್ನೂ ಸ್ವಲ್ಪ ಜೋರಾಗಿ ಹೋದ್ರೆ ಆಗಲ್ವಾ?" ಚೆನ್ನೈಗೆ ಇರುವುದು ಸುಮಾರು 350 ಕಿ.ಮೀ. ನಮ್ಮ ವ್ಯಾಗನ್‌ಗಳು ಗಂಟೆಗೆ 100 ಕಿ.ಮೀ. ಓಡಲೆಂದೇ ಮಾಡಿದವು. ನಾನು ಉತ್ತರ ಕೊಡದೆ ಒಂದು ಹಾಳೆ ಕೊಡುತ್ತಿದ್ದೆ. ರೇಕ್ ಬಂದು ನಿಂತದ್ದು ಎಷ್ಟು ಗಂಟೆಗೆ, ಮೊದಲ ಕಂಟೇನರ್ ಪೆಟ್ಟಿಗೆ ಇಳಿದದ್ದು ಎಷ್ಟಕ್ಕೆ, ಕೊನೆಯದು ಏರಿದ್ದು, ಬ್ರೇಕ್ ಪರೀಕ್ಷೆ ಮುಗಿದದ್ದು, ಇಂಜಿನ್ ಬಂದದ್ದು, ಹೊರಟದ್ದು ಎಷ್ಟಕ್ಕೆ. ಒಂದು ವಾರ ಬರೆಯಲಿ ಅಂತ. ವಾರದ ಕೊನೆಗೆ ಯಾರೂ ವೇಗದ ಮಾತೆತ್ತುತ್ತಿರಲಿಲ್ಲ. ಓಡಿದ ಗಂಟೆಗಳಿಗಿಂತ ನಿಂತ ಗಂಟೆಗಳೇ ಹೆಚ್ಚು. ಕೊನೆಯ ಪೆಟ್ಟಿಗೆ ಏರಿಸುವುದು ಅರ್ಧ ಗಂಟೆ ತಡವಾಗಿ, ಹಳಿಯ ಮೇಲೆ ನಮಗೆ ಸಿಕ್ಕಿದ್ದ ರಾತ್ರಿಯ ಹೊತ್ತು ತಪ್ಪಿತೆಂದರೆ, ಬೆಳಗಿನ ಪ್ಯಾಸೆಂಜರ್ ಗಾಡಿಗಳೆಲ್ಲ ಹೋಗುವವರೆಗೂ ನಮ್ಮದು ಅಲ್ಲೇ.

2. ಅಗೆಯುವ ಕೆಲಸ ಗೇಟಿನಲ್ಲೇ ಹುಟ್ಟುತ್ತದೆ

ಯಾರ್ಡ್‌ನಲ್ಲಿ ಪೆಟ್ಟಿಗೆಗಳನ್ನು ನಾಲ್ಕು ಎತ್ತರಕ್ಕೆ ಪೇರಿಸುತ್ತಿದ್ದೆವು. ಈ ರಾತ್ರಿ ಹೋಗಬೇಕಾದದ್ದು ತಳದಲ್ಲಿದ್ದರೆ ಮೇಲಿನ ಮೂರನ್ನು ಇಳಿಸಿ, ಅದನ್ನು ತೆಗೆದು, ಆ ಮೂರನ್ನು ಮತ್ತೆ ಇಡಬೇಕು. ಒಂದು ಲಿಫ್ಟ್ ಎಂದುಕೊಂಡದ್ದು ಏಳಾಗುತ್ತದೆ. ಇದಕ್ಕೆ ನಮ್ಮಲ್ಲಿ 'ಅಗೆಯೋದು' ಎಂದೇ ಹೆಸರು.

ಒಂದು ವರ್ಷ ಆಯುಧಪೂಜೆಯ ಮರುದಿನ ರೇಕ್ ಬಂತು. ಪೆಟ್ಟಿಗೆ ಎತ್ತಿಡುವ ಯಂತ್ರ ರೀಚ್ ಸ್ಟ್ಯಾಕರ್‌ಗೆ ಕಟ್ಟಿದ್ದ ಬಾಳೆಕಂದು ಇನ್ನೂ ಬಾಡಿರಲಿಲ್ಲ, ಚಕ್ರದ ಹತ್ತಿರ ಒಡೆದ ಕುಂಬಳಕಾಯಿ. ಹಬ್ಬಕ್ಕೆ ಮುಂಚೆ ಏಜೆಂಟರು ತಂದು ಸುರಿದಿದ್ದ ಪೆಟ್ಟಿಗೆಗಳನ್ನು ಬಂದ ಸಾಲಿನಲ್ಲೇ ಪೇರಿಸಿಬಿಟ್ಟಿದ್ದೆವು. ಆ ರಾತ್ರಿ ಅಗೆದದ್ದೇ ಅಗೆದದ್ದು. ಬೆಳಗಿನ ಜಾವ ನಮ್ಮ ಹಿರಿಯ ಆಪರೇಟರ್ ಕ್ಯಾಬಿನ್‌ನಿಂದ ಇಳಿದು, "ಸಾರ್, ನಾನು ಲೋಡ್ ಮಾಡಿದ್ದು ಕಡಿಮೆ, ಆಟ ಆಡಿದ್ದೇ ಜಾಸ್ತಿ" ಅಂದ. ಅವನ ಮುಖ ನೋಡುವ ಧೈರ್ಯ ಇರಲಿಲ್ಲ ನನಗೆ.

ಅಂದಿನಿಂದ ಗೇಟಿನಲ್ಲಿ ಟ್ರೇಲರ್ ನಿಲ್ಲುತ್ತಿದ್ದಂತೆ ಮೊದಲ ಪ್ರಶ್ನೆ: ಯಾವ ಹಡಗು? ಹಡಗಿಗೊಂದು ಸಾಲು. ಆದರೂ ತೊಡಕು ಪೂರ್ತಿ ಹೋಗಲಿಲ್ಲ. ಆಪರೇಟರ್‌ಗೆ ಭಾರದ್ದು ಕೆಳಗಿರಬೇಕು, ನನಗೆ ಮೊದಲು ಹೋಗುವುದು ಮೇಲಿರಬೇಕು. ಗ್ರಾನೈಟ್ ತುಂಬಿದ ಪೆಟ್ಟಿಗೆ ಮೊದಲೇ ಹೋಗಬೇಕಾದಾಗ ಇಬ್ಬರಿಗೂ ಜಗಳ. ಅಂಥದ್ದಕ್ಕೆ ಹಳಿಯ ಪಕ್ಕದಲ್ಲೇ ಒಂದೇ ಎತ್ತರದ ಸಾಲು ಬಿಟ್ಟುಕೊಂಡೆವು. ಜಾಗ ದಂಡವಾಗುತ್ತಿದೆ ಎಂದು ಆಫೀಸಿನವರು ಗೊಣಗಿದರು. ಗೊಣಗಲಿ.

3. ಒಂದು ಕೆಟ್ಟರೆ ಐದು ಹೋಗುತ್ತವೆ

ನಮ್ಮ ರೇಕ್‌ನಲ್ಲಿ 45 ವ್ಯಾಗನ್. ಒಂದೊಂದರ ಮೇಲೆ ಇಪ್ಪತ್ತಡಿಯ ಎರಡು ಪೆಟ್ಟಿಗೆ ಅಥವಾ ನಲವತ್ತಡಿಯ ಒಂದು. ಹೊರಗಿನವರಿಗೆ ಗೊತ್ತಿರದ ಸಂಗತಿ, ಈ ವ್ಯಾಗನ್‌ಗಳು ಐದೈದರ ಗುಂಪು. ಗುಂಪಿನ ಒಳಗಿನ ಜೋಡಣೆಯನ್ನು ಯಾರ್ಡ್‌ನಲ್ಲಿ ಬಿಚ್ಚಲಾಗದು. ಒಂದು 'ಸಿಕ್' ಆದರೆ, ಅಂದರೆ ಕೆಟ್ಟರೆ, ಐದನ್ನೂ ಕಳಚಬೇಕು, ಹತ್ತು ಪೆಟ್ಟಿಗೆಯ ಜಾಗ ಹೋಯಿತು.

ಸಿಕ್ ಮಾಡುವುದೂ ಬಹಳ ಸಲ ನಾವೇ. ವ್ಯಾಗನ್ ಮೇಲೆ ಪೆಟ್ಟಿಗೆಯ ನಾಲ್ಕು ಮೂಲೆ ಹಿಡಿಯುವ ಟ್ವಿಸ್ಟ್ ಲಾಕ್ ಇರುತ್ತದೆ. ಒಮ್ಮೆ ಹೊಸ ಹುಡುಗ ನಲವತ್ತಡಿಯ ಖಾಲಿ ಪೆಟ್ಟಿಗೆ ಎತ್ತುತ್ತಿದ್ದ. ಒಂದು ಲಾಕ್ ತುಕ್ಕು ಹಿಡಿದು ಬಿಡಲಿಲ್ಲ. ಪೆಟ್ಟಿಗೆಯ ಜೊತೆ ವ್ಯಾಗನ್ನೇ ಮೇಲೆದ್ದು, ಚಕ್ರ ಹಳಿಯಿಂದ ನಾಲ್ಕು ಬೆರಳಷ್ಟು ಮೇಲೆ ಬಂತು. ಕೆಳಗಿದ್ದ ಟ್ಯಾಲಿ ಹುಡುಗ "ಅಣ್ಣಾ, ಬಿಡು! ಬಿಡು!" ಎಂದು ಕಿರುಚಿದ. ಗಾಬರಿಯಲ್ಲಿ ದೊಪ್ಪನೆ ಬಿಟ್ಟಿದ್ದರೆ ಅಲ್ಲೇ ಹಳಿ ತಪ್ಪುತ್ತಿತ್ತು. ಪುಣ್ಯಕ್ಕೆ ನಿಧಾನವಾಗಿ ಇಳಿಸಿದ. ಆಮೇಲೆ ನಿಯಮ ಮಾಡಿದೆವು: ಒಂದು ಗೇಣು ಎತ್ತು, ನಿಲ್ಲಿಸು, ಕೆಳಗಿನವನು ನಾಲ್ಕೂ ಮೂಲೆ ನೋಡಿ ಕೈ ಎತ್ತಿದ ಮೇಲೆ ಮುಂದಕ್ಕೆ. ಪ್ರತಿ ಲಿಫ್ಟ್‌ಗೆ ಕೆಲವು ಸೆಕೆಂಡು ಹೆಚ್ಚು. ಐದು ವ್ಯಾಗನ್ ಕಳೆದುಕೊಂಡವನಿಗೆ ಆ ಸೆಕೆಂಡು ದುಬಾರಿ ಅನ್ನಿಸುವುದಿಲ್ಲ.

4. ಕಾಗದದ ತೂಕ ನಂಬಬೇಡಿ

2016ರ ಜುಲೈ 1ರಿಂದ, ತೂಕ ಖಚಿತಪಡಿಸದ ಪೆಟ್ಟಿಗೆಯನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಆದರೂ ಜಿಗಣಿ ಕಡೆಯಿಂದ ಬಂದ ಒಂದು ಗ್ರಾನೈಟ್ ಪೆಟ್ಟಿಗೆಗೆ ಕಾಗದದಲ್ಲಿ 22 ಟನ್, ರೀಚ್ ಸ್ಟ್ಯಾಕರ್‌ನ ಪರದೆಯಲ್ಲಿ 27. ಇಪ್ಪತ್ತಡಿಯ ಪೆಟ್ಟಿಗೆಗೆ 30 ಟನ್‌ವರೆಗೆ ನಡೆಯುತ್ತದಲ್ಲ, ಏನು ತೊಂದರೆ ಎನ್ನಬಹುದು. ತೊಂದರೆ ಜೋಡಿಯದ್ದು. ಅದರ ಪಕ್ಕಕ್ಕೆ ಹಗುರದ್ದು ಕೂರಿಸಿದರೆ ವ್ಯಾಗನ್‌ನ ಒಂದೇ ತುದಿಗೆ ಭಾರ. ಅಲ್ಲದೆ ರೈಲ್ವೆಯವರ ಬಾಡಿಗೆ ತೂಕದ ಮೇಲೆ. ದಾರಿಯಲ್ಲಿ ಸಿಕ್ಕಿಬಿದ್ದರೆ ದಂಡ ಒಬ್ಬನಿಗೆ, ತಡ ಮಿಕ್ಕ ಎಂಬತ್ತೊಂಬತ್ತು ಪೆಟ್ಟಿಗೆಗೂ.

5. ಒಂದು ಗಾಡಿ, ಒಂದು ಟರ್ಮಿನಲ್

ಚೆನ್ನೈ ಬಂದರಿನೊಳಗೆ ಕಂಟೇನರ್ ಟರ್ಮಿನಲ್‌ಗಳು ಎರಡು. ಒಂದೇ ರೇಕ್‌ನಲ್ಲಿ ಎಪ್ಪತ್ತು ಅಲ್ಲಿಗೆ, ಇಪ್ಪತ್ತು ಇಲ್ಲಿಗೆ ಎಂದು ಬೆರೆಸಿದರೆ, ಒಂದು ಕಡೆ ಇಳಿಸಿ, ಎಳೆದು, ಶಂಟಿಂಗ್ ಮಾಡಿ, ಇನ್ನೊಂದು ಕಡೆ ಲೈನ್ ಖಾಲಿಯಾಗುವವರೆಗೆ ಕಾಯಬೇಕು. ಒಮ್ಮೆ ಆ ಇಪ್ಪತ್ತು ಪೆಟ್ಟಿಗೆ ಬಂದರಿನೊಳಗೆ ಕಳೆದ ಹೊತ್ತು ಬೆಂಗಳೂರಿನಿಂದ ಅಲ್ಲಿಗೆ ಹೋದ ಹೊತ್ತಿಗಿಂತ ಹೆಚ್ಚಾಯಿತು. ಆಮೇಲಿಂದ ಅಂಥ ಮಿಕ್ಕ ಇಪ್ಪತ್ತನ್ನು ಮರುದಿನದ ಗಾಡಿಗೆ ಹಿಡಿದಿಡುತ್ತಿದ್ದೆ. ಹಡಗಿನ ಕಟ್‌ಆಫ್ ಹತ್ತಿರವಿದ್ದರೆ ನಮ್ಮದೇ ಖರ್ಚಿನಲ್ಲಿ ಟ್ರೇಲರ್‌ಗೆ ಹಾಕಿದ್ದೂ ಉಂಟು. ಆ ನಷ್ಟಕ್ಕೆ ಬೈಗುಳ ತಿಂದೆ. ಆದರೆ ರೇಕ್ ಬೇಗ ಮರಳಿ ಬರುತ್ತಿತ್ತು, ತಿಂಗಳಿಗೆ ಹೆಚ್ಚು ಸಲ ಓಡುತ್ತಿತ್ತು.

6. ಖಾಲಿ ಪೆಟ್ಟಿಗೆಗೆ ಸೈಜಿದೆ

ನಮ್ಮ ಯಾರ್ಡ್‌ಗೆ ಯಂತ್ರ, ಎಲೆಕ್ಟ್ರಾನಿಕ್ಸ್ ಬರುತ್ತಿದ್ದುದು ಹೆಚ್ಚಾಗಿ ನಲವತ್ತಡಿಯಲ್ಲಿ. ಕಲ್ಲು, ಕಾಫಿ ಹೋಗುತ್ತಿದ್ದುದು ಇಪ್ಪತ್ತಡಿಯಲ್ಲಿ. ಹಾಗಾಗಿ ಖಾಲಿ ಪೆಟ್ಟಿಗೆಯ ಗುಡ್ಡೆಯೇ ಇದ್ದರೂ ಬೇಕಾದದ್ದು ಇರುತ್ತಿರಲಿಲ್ಲ. ಖಾಲಿ ಪೆಟ್ಟಿಗೆಗೂ, ಖಾಲಿ ವ್ಯಾಗನ್‌ಗೂ ರೈಲ್ವೆಗೆ ದುಡ್ಡು ಕಟ್ಟಲೇಬೇಕು. ಶಿಪ್ಪಿಂಗ್ ಲೈನ್‌ನವರನ್ನು ಫೋನಿನಲ್ಲಿ ಕಾಡಿ ಬೇಡಿ, ಸರಕು ಇಳಿಸಿದ ಇಪ್ಪತ್ತಡಿಯನ್ನು ಸೀದಾ ಗ್ರಾನೈಟ್ ಫ್ಯಾಕ್ಟರಿಗೇ ಕಳಿಸಲು ಒಪ್ಪಿಗೆ ಪಡೆಯುವುದೇ ನನ್ನ ಬೆಳಗಿನ ಕೆಲಸವಾಗಿತ್ತು.

7. ಲಾರಿಯ ಜೊತೆ ಎಲ್ಲದಕ್ಕೂ ಪೈಪೋಟಿ ಬೇಡ

ಸಂಜೆ ಹೊರಟ ಟ್ರೇಲರ್ ಬೆಳಗ್ಗೆ ಚೆನ್ನೈ. ಹಗುರದ, ಅವಸರದ ಗಾರ್ಮೆಂಟ್ಸ್ ಅದರಲ್ಲೇ ಹೋಗಲಿ. ಭಾರದ ಇಪ್ಪತ್ತಡಿ ನಮ್ಮದು.

8. ಎರಡು ಅಂತಸ್ತಿನ ಕನಸು

2021ರ ಜನವರಿ 7ರಂದು ಪಶ್ಚಿಮದ ಸರಕು ಕಾರಿಡಾರ್‌ನ ರೇವಾಡಿ–ಮದಾರ್ ಭಾಗದಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೊತ್ತ ಒಂದೂವರೆ ಕಿ.ಮೀ. ಉದ್ದದ ಗಾಡಿ ವಿದ್ಯುತ್ ಇಂಜಿನ್‌ನಲ್ಲಿ ಓಡಿತು. ಅದಕ್ಕಾಗಿ ಅಲ್ಲಿ ತಂತಿಯನ್ನು 7.5 ಮೀಟರ್ ಎತ್ತರಕ್ಕೆ ಕಟ್ಟಿದ್ದಾರೆ. ನಮ್ಮ ಚೆನ್ನೈ ದಾರಿಯ ತಂತಿ ಅಷ್ಟು ಮೇಲಿಲ್ಲ. ಆ ವಿಡಿಯೊ ಹಿಡಿದುಕೊಂಡು ಹುಡುಗರು "ನಮಗ್ಯಾವಾಗ ಸಾರ್?" ಅಂದರು. ನಾನು ಕೈ ತೋರಿಸಿದ್ದು ಯಾರ್ಡ್‌ನ ನಾಲ್ಕನೇ ಲೈಟ್ ಕಂಬಕ್ಕೆ. ಅದರ ಬಲ್ಬ್ ಹೋಗಿ ಎರಡು ತಿಂಗಳಾಗಿತ್ತು, ಮೂರು ಸಲ ಕಾಗದ ಬರೆದಿದ್ದೆ. ಅದರ ಕೆಳಗೆ ಟ್ಯಾಲಿ ಹುಡುಗ ಬಾಯಲ್ಲಿ ಪೆನ್ನು ಕಚ್ಚಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಸೀಲಿನ ನಂಬರನ್ನು ಎರಡೆರಡು ಸಲ ಓದುತ್ತಿದ್ದ.