ಲೋಡ್ ಎಳೆಯುವಾಗಲೂ ಎಂಜಿನ್ ಬಿಸಿಯಾಗದಿದ್ದರೆ?

ಪ್ರಶ್ನೆ: ನಮ್ಮದು ಟ್ರೇಲರ್ ಎಳೆಯುವ ಡೀಸೆಲ್ ಗಾಡಿ. ಭದ್ರಾವತಿಯಲ್ಲಿ ಲೋಡ್ ಹಾಕಿಕೊಂಡು ಶಿವಮೊಗ್ಗಕ್ಕೂ ತರೀಕೆರೆ, ಕಡೂರಿನ ಕಡೆಗೂ ಹೋಗುತ್ತಿರುತ್ತೇವೆ. ಮೊದಲೆಲ್ಲ ಟೆಂಪರೇಚರ್ ಮೀಟರಿನ ಮುಳ್ಳು ನಡುವಿಗೆ ಬಂದು ನಿಲ್ಲುತ್ತಿತ್ತು. ಈಗ ಫುಲ್ ಲೋಡ್ ಇದ್ದರೂ ಮೇಲೇಳುವುದಿಲ್ಲ. ‘ಹೀಟ್ ಆದರೆ ತಾನೇ ಚಿಂತೆ, ತಣ್ಣಗಿದ್ದರೆ ಎಂಜಿನ್ನಿಗೆ ಒಳ್ಳೇದೇ ಬಿಡಿ’ ಅನ್ನುತ್ತಾರೆ ಗ್ಯಾರೇಜಿನವರು. ಹೌದೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಅಲ್ಲ. ಖಾಲಿ ಗಾಡಿ ನಿಂತಲ್ಲೇ ಸ್ಟಾರ್ಟ್‌ನಲ್ಲಿದ್ದಾಗ ಮುಳ್ಳು ಕೆಳಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಗ ಡೀಸೆಲ್ ಎಂಜಿನ್ ಸುಡುವ ಇಂಧನ ತೀರಾ ಕಡಿಮೆ, ಒಳಗೆಳೆದುಕೊಳ್ಳುವ ಗಾಳಿ ಹೆಚ್ಚು. ಅದು ಬಿಸಿಯಾಗುವುದೇ ನಿಧಾನ. ಹುಲಿಕಲ್ ಘಾಟಿಯಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗಲೂ ಮುಳ್ಳು ತುಸು ಇಳಿಯುವುದುಂಟು. ಲೋಡ್ ಎಳೆಯುವಾಗಿನ ಮಾತು ಬೇರೆ. ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 40 ಪಾಲು ಮಾತ್ರ ಗಾಡಿ ಎಳೆಯಲು ಸಿಗುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಒಂದಿಷ್ಟು ರೇಡಿಯೇಟರ್ ನೀರಿಗೆ ಸೇರುತ್ತದೆ. ಅಷ್ಟು ಶಾಖ ಹುಟ್ಟುತ್ತಿರುವಾಗಲೂ ಮುಳ್ಳು ಏಳಲಿಲ್ಲವೆಂದರೆ ಎರಡರಲ್ಲಿ ಒಂದು: ಮೀಟರ್ ಸುಳ್ಳು ಹೇಳುತ್ತಿದೆ, ಇಲ್ಲವೇ ನೀರು ಸಾಕಷ್ಟು ಕಾಯುವ ಮೊದಲೇ ರೇಡಿಯೇಟರಿಗೆ ಹೋಗಿ ತಣಿಯುತ್ತಿದೆ.

ಮೊದಲು ನೋಡಬೇಕಾದದ್ದು ಕೂಲಂಟ್ ಮಟ್ಟ. ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಬಿಸಿಯಿದ್ದಾಗ ಕ್ಯಾಪ್ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಇಳಿದುಹೋಗಿ ಸೆನ್ಸರ್ ನೀರಿನಲ್ಲಿ ಮುಳುಗದೆ ಬರೀ ಗಾಳಿಯಲ್ಲಿದ್ದರೆ, ಎಂಜಿನ್ ಸುಡುತ್ತಿದ್ದರೂ ಮೀಟರ್ ‘ತಣ್ಣಗಿದೆ’ ಅನ್ನಬಹುದು. ಹೆಡ್ ಗ್ಯಾಸ್ಕೆಟ್ ಹೋಗುವುದು ಇಂಥ ಹೊತ್ತಿನಲ್ಲೇ. ಸೆನ್ಸರಿನ ವೈರ್ ತುಂಡಾಗಿದ್ದರೂ ಕನೆಕ್ಟರ್ ಹಸಿರುಗಟ್ಟಿದ್ದರೂ ಮುಳ್ಳು ಏಳುವುದಿಲ್ಲ, ಏಕೆಂದರೆ ಬಿಸಿಯೇರಿದಂತೆ ಈ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯಬೇಕು. ವೈರ್ ಕಡಿದಿದ್ದರೆ ಅದು ಇಳಿಯುವುದೇ ಇಲ್ಲ.

ಅನುಮಾನ ತೀರಿಸಿಕೊಳ್ಳಲು ಟೆಂಪರೇಚರ್ ಗನ್ ಸಾಕು. ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಥರ್ಮೋಸ್ಟಾಟ್ ಕೂತಿರುವ ಹೌಸಿಂಗಿಗೆ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಮ್ಮಿಗೆ ನೇರವಾಗಿ ಹಿಡಿದರೆ ಗನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎಂಜಿನ್ ತಣ್ಣಗಿದ್ದಾಗಲೇ ಅಲ್ಲೊಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿಟ್ಟುಕೊಂಡು ಅದರ ಮೇಲೆ ಹಿಡಿಯಿರಿ. 80 ಡಿಗ್ರಿ ದಾಟಿದ್ದರೆ ತಪ್ಪು ಮೀಟರಿನದು. 60ರ ಆಸುಪಾಸಿನಲ್ಲೇ ಇದ್ದರೆ ಎಂಜಿನ್ ನಿಜಕ್ಕೂ ತಣ್ಣಗೆ ಓಡುತ್ತಿದೆ.

ಆಗ ಥರ್ಮೋಸ್ಟಾಟ್ ವಾಲ್ವ್ ಮೇಲೆ ಕಣ್ಣಿಡಿ. ಅದರೊಳಗಿನ ಮೇಣ ಬಿಸಿಗೆ ಹಿಗ್ಗಿ ದಾರಿ ಬಿಡುತ್ತದೆ. ಬಹಳಷ್ಟು ಲಾರಿ ಎಂಜಿನ್‌ಗಳಲ್ಲಿ 80 ಡಿಗ್ರಿ ಚಿಲ್ಲರೆಯಲ್ಲಿ ತೆರೆಯತೊಡಗಿ 95ರ ಹೊತ್ತಿಗೆ ಪೂರ್ತಿ ತೆರೆಯುತ್ತದೆ. ಪರೀಕ್ಷೆ ಸುಲಭ. ಬೆಳಗಿನ ಮೊದಲ ಸ್ಟಾರ್ಟ್‌ಗೆ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡುತ್ತಿರಿ; ಅಂಗಿಯ ತೋಳು, ಹೆಗಲ ಟವಲು ಫ್ಯಾನ್ ಬೆಲ್ಟಿಗೆ ಸಿಗದಂತೆ ಜೋಪಾನ. ವಾಲ್ವ್ ಸರಿಯಿದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಕಾಯುತ್ತದೆ. ಸ್ಟಾರ್ಟ್ ಮಾಡಿದ ಎರಡು ಮೂರು ನಿಮಿಷಕ್ಕೇ ಹೋಸ್ ಎಂಜಿನ್ನಿನ ಜೊತೆಜೊತೆಗೇ ಬೆಚ್ಚಗಾಗತೊಡಗಿದರೆ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದೆ. ಇಲ್ಲವೇ ಒಳಗೆ ವಾಲ್ವೇ ಇಲ್ಲ! ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿನ ಹೋಸ್ ಕಡೆ ಇರುತ್ತದೆ. ಅಂಥವುಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಬಿಚ್ಚಿಯೇ ನೋಡಬೇಕು.

‘ವಾಲ್ವೇ ಇಲ್ಲ’ ಅಂದದ್ದು ತಮಾಷೆಗಲ್ಲ. ಬೇಸಿಗೆಯಲ್ಲಿ ಗಾಡಿ ಹೀಟ್ ಆಯಿತೆಂದು ಬಂದವರಿಗೆ ಥರ್ಮೋಸ್ಟಾಟ್ ಕಿತ್ತು ಕಳಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ನಿಮ್ಮ ಗಾಡಿಗೂ ಯಾರೋ ಹೀಗೆ ಮಾಡಿರಬಹುದು, ಕೇಳಿ ನೋಡಿ. ಇದರಲ್ಲೊಂದು ವಿಪರ್ಯಾಸವಿದೆ. ಅನೇಕ ಎಂಜಿನ್‌ಗಳಲ್ಲಿ ಈ ವಾಲ್ವ್ ರೇಡಿಯೇಟರಿನ ದಾರಿ ತೆರೆಯುತ್ತಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವ್ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಮತ್ತೆ ಎಂಜಿನ್ನಿಗೇ ಸುತ್ತುತ್ತದೆ. ಬಿ.ಎಚ್. ರಸ್ತೆಯ ಸಪಾಟಿನಲ್ಲಿ ತಣ್ಣಗಿದ್ದ ಗಾಡಿ ಲೋಡಿನಲ್ಲಿ ಘಾಟಿ ಹತ್ತುವಾಗ ಕುದಿಯಲು ಇದೊಂದು ಕಾರಣ.

ಫ್ಯಾನನ್ನು ಕೊನೆಯಲ್ಲಿ ಅನುಮಾನಿಸಿ. ಫ್ಯಾನ್ ಕ್ಲಚ್ ಹಿಡಿದುಕೊಂಡು ಅದು ಸದಾ ಬೋರ್ಗರೆಯುತ್ತಿದ್ದರೂ, ವಾಲ್ವ್ ನೆಟ್ಟಗಿದ್ದರೆ ನಮ್ಮ ಹವೆಯಲ್ಲಿ ಎಂಜಿನ್ ಅಷ್ಟೊಂದು ತಣಿಯುವುದಿಲ್ಲ.

ತಣ್ಣಗೆ ಓಡಿದರೆ ನಷ್ಟವೇನು? 1923ರಲ್ಲೇ ಊದುಕುಲುಮೆ ಹೊತ್ತಿಸಿದ ಊರಿನವರಿಗೆ ಲೋಹ ಕಾದರೆ ಹಿಗ್ಗುತ್ತದೆಂದು ನಾನು ಹೇಳಿಕೊಡಬೇಕಿಲ್ಲ. ಅಲ್ಯೂಮಿನಿಯಮ್ ಪಿಸ್ಟನ್ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎಂಜಿನ್ ಕಾದ ಮೇಲೆ ಅದು ಲೈನರಿನಲ್ಲಿ ಸರಿಯಾಗಿ ಕೂರುವಂತೆ ಅಳತೆ ಇಟ್ಟಿರುತ್ತಾರೆ. ಕಾಯದಿದ್ದರೆ ಸಂದು ಉಳಿಯುತ್ತದೆ. ಪೂರ್ತಿ ಉರಿಯದ ಡೀಸೆಲ್ ಆ ಸಂದಿನಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಹಾಕದೆಯೇ ಮಟ್ಟ ಏರಿದ್ದರೆ, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಹೊಡೆದರೆ, ಬೇರಿಂಗ್, ಲೈನರ್ ಸವೆಯತೊಡಗಿವೆ. ಮೈಲೇಜ್ ಬೀಳುವುದಂತೂ ಸರಿಯೇ. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಯಾದರೆ ಇನ್ನೂ ಕಿರಿಕಿರಿ. ಹೊಗೆ ಸುಮಾರು 200 ಡಿಗ್ರಿ ಕಾಯದೆ ಯೂರಿಯಾ ದ್ರಾವಣ ಸರಿಯಾಗಿ ಕೆಲಸ ಮಾಡುವುದಿಲ್ಲ, ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಲೈಟು ಹತ್ತುತ್ತದೆ.

ಹೊಸ ವಾಲ್ವ್ ತರುವಾಗ ಹಳೆಯದರ ಮೇಲೆ ಒತ್ತಿರುವ ಡಿಗ್ರಿಯದ್ದೇ ಕೇಳಿ, ‘ಸೇಫ್ಟಿಗೆ’ ಎಂದು ಕಡಿಮೆ ಡಿಗ್ರಿಯದು ಬೇಡ. ಕೂರಿಸುವ ಮೊದಲು ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಯಾವ ಡಿಗ್ರಿಗೆ ತೆರೆಯುತ್ತದೆಂದು ಥರ್ಮಾಮೀಟರಿನಲ್ಲಿ ನೋಡಿಬಿಡಿ. ಅದರಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಗಾಳಿ ಹೊರಹೋಗಲು. ನಲ್ಲಿ ನೀರು ಬೇಡ, ಕೂಲಂಟ್ ತುಂಬಿ. ಆಯಿಲ್‌ಗೆ ಡೀಸೆಲ್ ಸೇರಿದ್ದು ಖಚಿತವಾದರೆ ವಾಲ್ವ್ ಬದಲಿಸಿದ ದಿನವೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ; ಸರ್ವಿಸ್ ಕಿಲೋಮೀಟರ್ ತುಂಬಲಿ ಎಂದು ಕಾಯಬೇಡಿ.